ಹನ್ನೊಂದು ನಿಮಿಷ

ಕೈಗಡಿಯಾರದ ಸೆಲ್ಲು ಸತ್ತಿತ್ತು, ನೆಪ ಅಷ್ಟೇ.
ಹೊರಗೆ ಸೊನ್ನೆಯ ಕೆಳಗೆ ಇಪ್ಪತ್ತೇಳು.
ಸುಪೀರಿಯರ್ ಸರೋವರದ ಗಾಳಿ
ಸಾಲ ಕೊಟ್ಟವನ ಹಾಗೆ ಮುಖಕ್ಕೇ ಬಂದು ನಿಲ್ಲುತ್ತಿತ್ತು.
ಬಸ್ಸಿಳಿದು ಹಾರ್ಬರ್ ಪ್ಲಾಜಾದ ಎದುರು ನಿಂತೆ.
ತಾನಾಗಿ ತೆರೆಯಬೇಕಾದ ಬಾಗಿಲು
ನನ್ನ ಗುರುತು ಹಿಡಿಯಲಿಲ್ಲ.
ಕೈಯಿಂದ ತಳ್ಳಿ, ಎಂದು ಯಾರೋ ಚೀಟಿ ಅಂಟಿಸಿದ್ದರು.
ತಳ್ಳಿದೆ.

ಒಳಗೆ ಅದೇ ವಾಸನೆ, ಒದ್ದೆ ಬೂಟು, ದಾಲ್ಚಿನ್ನಿ.
ದಾಲ್ಚಿನ್ನಿ ಬನ್ನಿನ ಅಂಗಡಿ ಮುಚ್ಚಿ ಆರು ವರ್ಷ;
ವಾಸನೆಗೆ ಯಾರೂ ನೋಟಿಸು ಕೊಟ್ಟಿಲ್ಲ.
ಎಳೆದ ಶಟರುಗಳ ಮೇಲೆ
ಕಿತ್ತುಕೊಂಡು ಹೋದ ಹೆಸರುಗಳ ಬಿಳಿ ಅಚ್ಚು,
ಓದಬಹುದು ಇನ್ನೂ.
ಶೂ ಅಂಗಡಿಯಲ್ಲಿ ತೆರಿಗೆ ಫಾರಂ ತುಂಬಿಕೊಡುತ್ತಾರೆ, ಮಾರ್ಚಿನಲ್ಲಿ ಮಾತ್ರ.
ಮದುವೆ ಗೌನಿನ ಅಂಗಡಿಯಲ್ಲಿ ಪರೀಕ್ಷೆಗೆ ರಕ್ತ ತೆಗೆಯುತ್ತಾರೆ.
ಮೂರು ಮಗ್ಗುಲ ಕನ್ನಡಿ ಇದ್ದಲ್ಲೇ ಈಗ ಆ ಕುರ್ಚಿ.
ಅಲ್ಲಿ ನಾನು ತೋಳು ಚಾಚಿದ್ದೆ ಆಗಲೂ,
ಚಾಚುತ್ತೇನೆ ಈಗಲೂ.

ವೇಕ್ಕೊ ಎದುರಾದ. ಎರಡೂ ಸೊಂಟದ ಕೀಲು ಲೋಹದ್ದು,
ಕಾಗದದ ಗಿರಣಿಯಲ್ಲಿ ಮೂವತ್ತೊಂದು ವರ್ಷ ಸವೆಸಿದವನು.
ದಿನಕ್ಕೆ ಹದಿನಾಲ್ಕು ಸುತ್ತು,
ಮುಚ್ಚಿದ ಒಂದೊಂದು ಅಂಗಡಿಯ ಕದವನ್ನೂ ಮುಟ್ಟಿಕೊಂಡು.
ಯಾಕೆ ಮಾರಾಯ ಎಂದರೆ, ಲೆಕ್ಕ ತಪ್ಪಬಾರದಲ್ಲ, ಎನ್ನುತ್ತಾನೆ.
"ಎಸ್ಕಲೇಟರು ನಿಂತಿತು, ಗೊತ್ತಾಯಿತಾ?"
ಸಾವಿನ ಸುದ್ದಿ ಹೇಳುವ ದನಿ.
"ಮೆಟ್ಟಿಲಾಯಿತು ಬಿಡು," ಎಂದೆ.

ಎಲೀಜಿಯೊ ಒಬ್ಬನೇ ಈಗ. ಗಡಿಯಾರ, ಬೀಗದ ಕೈ, ಬೂಟಿನ ಹಿಮ್ಮಡಿ ಎಲ್ಲ ಅವನದೇ.
ಹಾಳೂರಿಗೆ ಉಳಿದವನೇ ಗೌಡ.
ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ ನನ್ನ ವಾಚಿನ ಬೆನ್ನು ತೆರೆದ.
"ಹತ್ತು ನಿಮಿಷ, ಸುತ್ತಾಡಿ ಬಾ."
ಸುತ್ತಾಡುವುದು ಎಲ್ಲಿ?
ಇಬ್ಬರಿಗೂ ನಗು ಬಂತು.

ಕಾರಂಜಿಯ ಬಳಿಗೆ ಹೋದೆ.
ನೀರಿಲ್ಲ. ತೊಟ್ಟಿಯ ತುಂಬ ಪ್ಲಾಸ್ಟಿಕ್ ಜರೀಗಿಡ,
ಅವು ಕೂಡ ಬಾಡಿದ ಹಾಗೆ ಕಂಡವು.

ಇಲ್ಲಿ, ಸೈಮಿ, ನೀನು ಕಳೆದುಹೋಗಿದ್ದೆ.
ಎಂಬತ್ತೆಂಟರ ಡಿಸೆಂಬರ್, ಶನಿವಾರ,
ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ.
ಕಂಬಳಿಯ ಬೆಲೆಚೀಟಿ ತಿರುವಿ ನೋಡಲು
ಒಂದು ಕೈ ಬೇಕಾಯಿತು ನನಗೆ.
ಅಷ್ಟೇ ಆದದ್ದು.
ಮೈಕಿನಲ್ಲಿ ನಿನ್ನ ಹೆಸರನ್ನು ತಪ್ಪಾಗಿ ಕೂಗಿದರು,
ಕೆಂಪು ಕೋಟು, ಒಂದೇ ಕೈಗವಸು.
ಜನರ ಸೊಂಟಗಳ ನಡುವೆ ಬಗ್ಗಿ ಬಗ್ಗಿ ಓಡಿದೆ,
ಓಡುತ್ತ ಶಪಿಸಿದೆ:
ಇವರೆಲ್ಲ ತೊಲಗಲಿ, ಒಬ್ಬರೂ ಉಳಿಯದಿರಲಿ,
ಈ ನೆಲ ಆ ತುದಿಯವರೆಗೂ ಬರಿದಾಗಿ ಕಾಣಲಿ.

ಈಗ ಕಾಣುತ್ತದೆ.
ಇಲ್ಲಿ ನಿಂತರೆ ಎರಡೂ ಕಡೆಯ ಬಾಗಿಲು, ಬಾಗಿಲಾಚೆಯ ಹಿಮ.
ಒಂದು ಮಗು ಕಳೆದುಹೋಗಲು ಬೇಕಾದಷ್ಟು ಜನ
ಇಡೀ ವಾರ ಕೂಡಿಸಿದರೂ ಆಗುವುದಿಲ್ಲ.

ಆಗ ನೀನು ಇದೇ ಕಟ್ಟೆಯ ಮೇಲೆ ಬೋರಲಾಗಿ
ಭುಜದವರೆಗೆ ತೋಳು ನೀರಿಗಿಳಿಸಿ
ಯಾರ್ಯಾರದೋ ಹರಕೆಗಳನ್ನು ಎತ್ತೆತ್ತಿ
ಜೇಬಿಗೆ ಹಾಕಿಕೊಳ್ಳುತ್ತಿದ್ದೆ.
ಹೊಡೆದೆ. ಆಮೇಲೆ ಅಪ್ಪಿಕೊಂಡೆ.
ನಿನಗೆ ಹೊಡೆದದ್ದು ಮಾತ್ರ ನೆನಪಿದೆ;
ಭಾನುವಾರದ ಕಾಫಿಗೆ ಬಂದಾಗಲೆಲ್ಲ ಹೇಳುತ್ತೀಯ.

ಗಿಡ ಸರಿಸಿ ನೋಡಿದೆ. ಹೆಂಚಿನ ಸಂದಿಯಲ್ಲಿ
ಹಸಿರುಗಟ್ಟಿ ಅಂಟಿಕೊಂಡ ಒಂದು ಸೆಂಟು.
ಈ ದೇಶ ಅದನ್ನು ಅಚ್ಚು ಹಾಕುವುದನ್ನೇ ನಿಲ್ಲಿಸಿದೆ.
ಕಾವಲಿನ ಹುಡುಗ ಡಾರ್ಸಿ ದೂರದಿಂದ ನೋಡಿದ,
ಏನೂ ಅನ್ನದೆ ಬೆನ್ನು ತಿರುಗಿಸಿ ನಿಂತ.
ಉಗುರಿನಿಂದ ಕೆರೆದೆ.
ಬರಲಿಲ್ಲ.

ಎಲೀಜಿಯೊ ವಾಚಿಗೆ ಜೀವ ಬರಿಸಿ,
ಮುಳ್ಳು ತಿರುಗಿಸಲು ತಲೆಯೆತ್ತಿದ.
ಚೌಕದ ದೊಡ್ಡ ಗಡಿಯಾರಕ್ಕೆ ನಾಲ್ಕು ಮುಖ,
ನಾಲ್ಕರಲ್ಲೂ ಬೇರೆ ಬೇರೆ ಹೊತ್ತು.
"ಯಾವುದು ಇಡಲಿ?"
"ಬಸ್ಸಿನದು," ಎಂದೆ.